ಸಿರಾನುಷ್ ಆಂಟಿಯ ಊರಿನ ಹೆಪ್ಪು

ನಿನ್ನೆ ಕಾರಿನ ಬಾಗಿಲು ತೆಗೆದದ್ದೇ ತಡ, ಹುಳಿಮೊಸರಿನ ವಾಸನೆ ಮುಖಕ್ಕೆ ರಪ್ಪೆಂದು ಬಡಿಯಿತು. ಮಗಳು ಸ್ಕೂಲಿಗೆ ಒಯ್ದಿದ್ದ ಮಜ್ಜಿಗೆ ಬಾಟಲಿಯ ಮುಚ್ಚಳ ಸರಿಯಾಗಿ ಹಾಕದೆ ಹಿಂದಿನ ಸೀಟಿನಲ್ಲಿ ಉರುಳಿಸಿ ಹೋಗಿದ್ದಳು. ಮೆಲ್ಬರ್ನಿನ ಫೆಬ್ರವರಿ, ಮುಚ್ಚಿದ ಕಿಟಕಿ; ಕೇಳಬೇಕೆ? ಅವಳು ಮೂಗು ಹಿಡಿದುಕೊಂಡು "ಯಕ್, ಮಮ್! ಡಿಸ್ಗಸ್ಟಿಂಗ್!" ಎಂದು ಗೇಟಿನ ಹತ್ತಿರವೇ ನಿಂತುಬಿಟ್ಟಳು. ನಾನು ಮಾತ್ರ ಹೋಗಿ ಹಿಂದಿನ ಸೀಟಿನಲ್ಲಿ ಕೂತೆ. ಬಾಗಿಲನ್ನೂ ಹಾಕಿಕೊಂಡೆ. ಒಣಗಿದ ಮೊಸರು, ಕಾದ ಸೀಟು, ಸ್ವಲ್ಪ ಧೂಳು: ಇಷ್ಟೂ ಸೇರಿದ ಈ ವಾಸನೆಯನ್ನು ನಾನು ಚಿಕ್ಕವಳಿದ್ದಾಗ ಸಿಡ್ನಿಯಿಂದ ಮೆಲ್ಬರ್ನಿನವರೆಗೆ ಇಡೀ ಒಂದು ಹಗಲು ಮೂಸುತ್ತ ಬಂದಿದ್ದೆ. ಆಗ ನಾನೂ ನನ್ನ ಮಗಳ ಹಾಗೆಯೇ ಮೂಗು ಹಿಡಿದುಕೊಂಡು ಗೊಣಗಿದ್ದೆ. ಈಗ ನೋಡಿದರೆ, ಆ ವಾಸನೆ ಆರಿಹೋಗದಿರಲಿ ಎಂದು ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಮಗಳು ಹೊರಗಿನಿಂದ ಗಾಜು ತಟ್ಟಿ, "ಆರ್ ಯೂ ಓಕೇ?" ಎಂದು ಕೇಳಿದಳು.

ನಾವು ತಿಪಟೂರಿನಿಂದ ಸಿಡ್ನಿಯ ಟೂಂಗಾಬಿಗೆ ಬಂದಾಗ ನನಗೆ ಒಂಬತ್ತು ವರ್ಷ. ಹೊಸ ಶತಮಾನ ಶುರುವಾಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಆ ಕೆಲಸದ ಮೇಲೇ ನಮಗೆ ವೀಸಾ ಸಿಕ್ಕಿತ್ತು. ಸಿಡ್ನಿ ಸಿಟಿಯ ಎತ್ತರದ ಕಟ್ಟಡಗಳ ಲಿಫ್ಟುಗಳೆಲ್ಲ ತನ್ನ ಮಾತು ಕೇಳುತ್ತವೆ, ಮನೆಯಲ್ಲಿ ಮಾತ್ರ ಯಾರೂ ಕೇಳುವುದಿಲ್ಲ ಎಂಬುದು ಅವನ ಖಾಯಂ ದೂರು. ನಾವು ರೆಂಟಿಗೆ ಹಿಡಿದದ್ದು ಒಂದು ದೊಡ್ಡ ಮನೆಯ ಹಿತ್ತಲಲ್ಲಿ ಕಟ್ಟಿದ್ದ ಪುಟ್ಟ ಮನೆ. ಮುಂದಿನ ಮನೆಯಲ್ಲಿ ಇದ್ದವರು ಸಿರಾನುಷ್ ಆಂಟಿ, ಅರ್ಮೇನಿಯಾದವರು. ಅರವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ತಲೆಗೆ ಸದಾ ಕಟ್ಟಿದ ಒಂದು ಚೌಕ, ಒಂಟಿ ಜೀವ. ಅವರ ಗಂಡ ಕಲ್ಲುಕೆಲಸದವರು. ನಾವಿದ್ದ ಪುಟ್ಟ ಮನೆಯನ್ನು ಅವರೇ ಕಟ್ಟಿ, ಕಟ್ಟಿ ಮುಗಿಸಿದ ಮರುವರ್ಷ ತೀರಿಕೊಂಡಿದ್ದರಂತೆ. ಎರಡು ಮನೆಗಳ ನಡುವೆ ಬಟ್ಟೆ ಒಣಹಾಕುವ ಗಿರಗಿಟ್ಟಲೆ ತಂತಿ, ಅದರ ಪಕ್ಕ ಒಂದು ಏಪ್ರಿಕಾಟ್ ಮರ. ಸಿಡ್ನಿಯ ಚಳಿ ಸಾಲದೆ ಅದು ಸರಿಯಾಗಿ ಹಣ್ಣೇ ಬಿಡುತ್ತಿರಲಿಲ್ಲ. ಆಂಟಿ ಪ್ರತಿ ವಸಂತದಲ್ಲೂ ಅದರ ಕೆಳಗೆ ನಿಂತು ಅರ್ಮೇನಿಯನ್ ಭಾಷೆಯಲ್ಲಿ ಬಯ್ಯುತ್ತಿದ್ದರು.

ಅಮ್ಮನನ್ನು ಈ ದೇಶದಲ್ಲಿ ಮೊದಲು ಕಾಡಿದ್ದು ಚಳಿಯಲ್ಲ, ಭಾಷೆಯಲ್ಲ, ಮೊಸರು. ಅಂಗಡಿಯ ಡಬ್ಬಿ ಮೊಸರನ್ನು ಹೆಪ್ಪಿಗೆ ಹಾಕಿದರೆ ಹಾಲು ಲೋಳೆಲೋಳೆಯಾಗಿ ನೂಲಿನಂತೆ ಎಳೆ ಬಿಡುತ್ತಿತ್ತು. ಅಪ್ಪ ಚಮಚದಲ್ಲಿ ಎತ್ತಿ ತೋರಿಸಿ, "ಶಾರದಾ, ಇದನ್ನ ಗೋಡೆಗೆ ಪೋಸ್ಟರ್ ಅಂಟಿಸೋಕೆ ಇಟ್ಕೋಬಹುದು ಕಣೇ" ಎನ್ನುತ್ತಿದ್ದ. ಅಮ್ಮ ಒಂದು ದಿನ ಅಂಥ ಮೊಸರನ್ನ ಕಲಸಿಕೊಂಡು, ಬಾಯಿಗಿಟ್ಟು, ತಟ್ಟೆಯ ಮುಂದೆಯೇ ಅತ್ತುಬಿಟ್ಟಳು. ನಿಮ್ಮಲ್ಲಿ ಊರು ಬಿಟ್ಟು ಬಂದವರಿಗೆ ಇದು ಗೊತ್ತಿರುತ್ತದೆ. ಅಳು ಎಲ್ಲೆಲ್ಲೋ ಬರುವುದಿಲ್ಲ, ಇಂಥ ಕಡೆಯೇ ಬರುವುದು. ಅಡುಗೆಮನೆಯ ಕಿಟಕಿ ತೆರೆದಿತ್ತು. ಮರುದಿನ ಬೆಳಿಗ್ಗೆ ಸಿರಾನುಷ್ ಆಂಟಿ ಬಿಳಿ ಎನಾಮಲ್ ಬಟ್ಟಲನ್ನು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಳಗೆ ಗಟ್ಟಿ ಮೊಸರು, ಮೇಲೆ ಹಳದಿ ಕೆನೆ. ಅಮ್ಮ ಬೆರಳು ಅದ್ದಿ ನಾಲಿಗೆಗಿಟ್ಟಳು. "ಅಯ್ಯೋ ದೇವ್ರೇ, ನಮ್ಮಜ್ಜಿ ಮನೆ ಮೊಸರು!" ಎಂದಳು, ಕನ್ನಡದಲ್ಲೇ. ಆಂಟಿಗೆ ಅರ್ಥವಾದ ಹಾಗಿತ್ತು. "ಮಾತ್ಸುನ್," ಎಂದು ಬಟ್ಟಲು ತೋರಿಸಿದರು. ಅವರ ಭಾಷೆಯಲ್ಲಿ ಮೊಸರಿಗೆ ಹಾಗನ್ನುತ್ತಾರೆ.

ಅಂದಿನಿಂದ ನಮ್ಮ ಮನೆಯ ಹಾಲಿಗೆ ಆ ಬಟ್ಟಲಿನ ಹೆಪ್ಪೇ. ಅಮ್ಮ ಅವರಿಗೆ "ಸಿರಕ್ಕ" ಎನ್ನತೊಡಗಿದಳು. ಅವರು ಎಲ್ಲರ ಹೆಸರಿಗೂ "ಜಾನ್" ಸೇರಿಸುತ್ತಿದ್ದರು; ನಮ್ಮ ಕಡೆ ಚಿನ್ನ, ಬಂಗಾರ ಅನ್ನುವ ಹಾಗೆ. ಶಾರದಾ ಜಾನ್, ಪುಟ್ಟಿ ಜಾನ್. ಅಪ್ಪನಿಗೂ ಜಾನ್ ಸೇರಿಸಿದಾಗ ಅವನು ನಾಚಿ ಒಳಗೆ ಹೋಗಿಬಿಟ್ಟ. ಇಬ್ಬರು ಹೆಂಗಸರದೂ ಅರೆಬರೆ ಇಂಗ್ಲಿಷು. ಅರ್ಧ ಮಾತು, ಅರ್ಧ ಕೈಸನ್ನೆ, ಉಳಿದದ್ದು ನಗು. ನಾನು ಅದನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ನನ್ನದೋ, ಎಲ್ಲದರಲ್ಲೂ ಮೂಗು ತೂರಿಸುವ ಸ್ವಭಾವ. ಸ್ಕೂಲಿನಿಂದ ಬಂದವಳು ಬ್ಯಾಗ್ ಎಸೆದು ನೇರ ಆಂಟಿಯ ಅಡುಗೆಮನೆಗೆ ಓಡುತ್ತಿದ್ದೆ. ಈ ಮೊಸರು ಎಲ್ಲಿಂದ ಬಂತು? ವಿಮಾನದಲ್ಲಿ ಹೇಗೆ ತಂದಿರಿ? ಚೆಲ್ಲಲಿಲ್ಲವಾ? ಆಂಟಿ ನನ್ನ ಪ್ರಶ್ನೆಗಳಿಗೆ ಬೇಸರಿಸಿದ್ದನ್ನು ನಾನು ಕಂಡಿಲ್ಲ. ಅವರ ಊರಿನಲ್ಲಿ ದೂರ ಹೊರಟವರು ಒಂದು ಬಿಳಿ ಹತ್ತಿಬಟ್ಟೆಯನ್ನು ಗಟ್ಟಿ ಮೊಸರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಮಡಚಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರಂತೆ. ಹೋದ ಊರಿನಲ್ಲಿ ಆ ಬಟ್ಟೆಯ ಚೂರನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿದರೆ ಮುಗಿಯಿತು, ತಮ್ಮ ಮನೆಯ ಮೊಸರೇ ಎದ್ದು ಕೂರುತ್ತದೆ. "ಏರ್‌ಪೋರ್ಟಿನಲ್ಲಿ ಇದೇನು ಅಂತ ಕೇಳಿದರು. ಕರವಸ್ತ್ರ ಅಂದೆ. ಅಳು ಬಂದರೆ ಬೇಕಲ್ಲ ಅಂದೆ," ಎಂದು ಆಂಟಿ ಹೊಟ್ಟೆ ಕುಲುಕಿಸಿ ನಕ್ಕಿದ್ದರು.

ಅವರ ಗಂಡನ ಮುತ್ತಜ್ಜಿಯೂ ಹಾಗೆಯೇ ಬಂದವರಂತೆ. ಯಾವುದೋ ಹಳೆಯ ಗಲಾಟೆಯಲ್ಲಿ ನದಿಯ ಆಚೆಯ ಊರು ಬಿಟ್ಟು, ಎತ್ತಿನ ಗಾಡಿಯಲ್ಲಿ ಈಚೆಗೆ ದಾಟಿ, ಬರೀ ಕಲ್ಲಿನ ಬಯಲಿನಲ್ಲಿ ನಿಂತರಂತೆ. ಹೊಲ ಹಸನು ಮಾಡಲು ಆರಿಸಿದ ಕಲ್ಲಿನಿಂದಲೇ ಮನೆ ಕಟ್ಟಿದರು. ಗೋಧಿ, ಬಾರ್ಲಿ, ಆಮೇಲೆ ಎಲೆಕೋಸು, ಆಲೂಗಡ್ಡೆ. ಸರ್ಕಾರದ ಸಾಮೂಹಿಕ ಬೇಸಾಯದ ಕಾಲ ಬಂದು ಹಸುಗಳನ್ನೆಲ್ಲ ಒಂದೇ ಕೊಟ್ಟಿಗೆಗೆ ಹೊಡೆದುಕೊಂಡು ಹೋದರು, ಮನೆಗೊಂದು ಹಸು ಬಿಟ್ಟರು. "ಒಂದು ಹಸು ಸಾಕು ಮಾತ್ಸುನ್‌ಗೆ" ಎನ್ನುತ್ತ ಆಂಟಿ ಮೇಜಿನ ಮೇಲೆ ಕಡಲೆಕಾಳು ಸುರಿಯುತ್ತಿದ್ದರು. ಆ ಕಾಳುಗಳೇ ಮನೆಗಳು. ಸಕ್ಕರೆ ಡಬ್ಬಿ ಚರ್ಚು, ಬೆಂಕಿಪೊಟ್ಟಣ ಶಾಲೆ, ಉದ್ದಕ್ಕೆ ಜೋಡಿಸಿದ ಚಮಚಗಳು ಹಳ್ಳ. ಇಳಿಜಾರಿನ ಊರು, ಒಬ್ಬರ ಮನೆಯ ಮಣ್ಣಿನ ಮಾಳಿಗೆಯೇ ಮೇಲಿನ ಮನೆಯವರ ಅಂಗಳ. ಕಾಳುಗಳು ಒಂದಕ್ಕೊಂದು ಆತುಕೊಂಡು ಗುಂಪಾಗಿ ಕೂತಿರುತ್ತಿದ್ದವು. ನಿಮ್ಮ ಮನೆ ಯಾವುದು ಎಂದರೆ ಒಂದು ಕಾಳನ್ನು ಮುಟ್ಟಿ ತೋರಿಸುತ್ತಿದ್ದರು. ಪಕ್ಕದ್ದು ಯಾರದು, ಅದರ ಪಕ್ಕದ್ದು ಯಾರದು, ಯಾರು ಜಗಳಗಂಟರು, ಯಾರ ನಾಯಿ ಕಚ್ಚುತ್ತದೆ, ಎಲ್ಲ ಕೇಳಿ ತಿಳಿದುಕೊಂಡಿದ್ದೆ. ತಿಪಟೂರಿನ ನಮ್ಮ ಬೀದಿಗಿಂತ ಆ ಕಡಲೆಕಾಳಿನ ಊರೇ ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ, "ಆಮೇಲೆ ಏನಾಯಿತು?" ಎಂದು ಕೇಳಿದೆ. ಆಂಟಿ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದರು. ಕಾಳುಗಳೆಲ್ಲ ನೆಲಕ್ಕೆ ಉದುರಿದವು. ಚಳಿಗಾಲದ ಒಂದು ಬೆಳಿಗ್ಗೆ, ಮಕ್ಕಳೆಲ್ಲ ಶಾಲೆಯಲ್ಲಿದ್ದ ಹೊತ್ತು, ಭೂಮಿ ನಡುಗಿತು. ಆಂಟಿ ಕೊಟ್ಟಿಗೆಯ ಹೊರಗೆ ನೀರು ಸೇದುತ್ತಿದ್ದರು, ಉಳಿದರು. ಒಳಗೆ ಹಾಲು ಕಾಯಿಸುತ್ತಿದ್ದ ಅತ್ತೆ ಉಳಿಯಲಿಲ್ಲ. ಮನೆ ಇಲ್ಲ, ಅತ್ತೆ ಇಲ್ಲ, ಮೊಸರಿನ ಗಡಿಗೆ ಪುಡಿಪುಡಿ. ಬೀದಿಯ ಕೆಳಗಿನ ಮನೆಯ ಹೆಂಗಸು ಅದಕ್ಕೆ ಸ್ವಲ್ಪ ಮುಂಚೆ ಅತ್ತೆಯ ಹತ್ತಿರ ಹೆಪ್ಪು ಒಯ್ದಿದ್ದಳು. ಡೇರೆಯಲ್ಲಿ ಮಲಗಿದ್ದ ದಿನಗಳಲ್ಲಿ ಅವಳು ಒಂದು ಲೋಟ ಮೊಸರು ತಂದು, "ನಿನ್ನ ಅತ್ತೆಯದು, ತಗೋ" ಎಂದು ಕೈಗಿಟ್ಟಳಂತೆ. ಅದನ್ನು ಹೇಳುವಾಗ ಆಂಟಿ ಅಳಲಿಲ್ಲ. ನೆಲದ ಮೇಲೆ ಕೂತು ಕಾಳು ಆರಿಸಿದರು. ನಾನೂ ಆರಿಸಿದೆ.

ಆಮೇಲಿನದು ದೀರ್ಘ ಕಥೆ. ಒಡೆದುಹೋದ ಊರನ್ನು ಮತ್ತೆ ಕಟ್ಟುತ್ತೇವೆಂದು ಬಂದವರು ಅರ್ಧ ತಳಪಾಯ ಹಾಕಿ ಹೋದರು, ಅಷ್ಟರಲ್ಲಿ ಅರ್ಮೇನಿಯಾವನ್ನು ಒಳಗಿಟ್ಟುಕೊಂಡಿದ್ದ ಆ ದೊಡ್ಡ ದೇಶವೇ ಒಡೆಯಿತು. ಜನ ಕಬ್ಬಿಣದ ಡಬ್ಬದಂಥ ಗುಡಿಸಲುಗಳಲ್ಲಿ ವರ್ಷಗಟ್ಟಲೆ ಉಳಿದರು. ಮೆಲ್ಬರ್ನಿನಲ್ಲಿದ್ದ ಆಂಟಿಯ ತಮ್ಮ ಕರೆಸಿಕೊಂಡದ್ದರಿಂದ ಆಂಟಿ, ಅಂಕಲ್ ಈ ದೇಶಕ್ಕೆ ಬಂದು, ಕೆಲಸ ಸಿಕ್ಕ ಸಿಡ್ನಿಯಲ್ಲಿ ನೆಲೆಸಿದರು. ಅಂಕಲ್‌ನ ತಮ್ಮನ ಸಂಸಾರ ಡಬ್ಬದಲ್ಲೇ ಉಳಿಯಿತು. ಚಳಿ, ಕತ್ತಲು, ಮೇವಿಲ್ಲ, ಹಸುಗಳನ್ನು ಮಾರಿದರು. ಊರಿನಲ್ಲಿ ಒಬ್ಬೊಬ್ಬರದೇ ಹೆಪ್ಪು ನಿಂತುಹೋಯಿತು. ಕೆಳಗಿನ ಮನೆಯ ಆ ಹೆಂಗಸೂ ಹೋದಳು.

ನಾವು ಅಲ್ಲಿ ಇದ್ದ ನಾಲ್ಕನೆಯ ವರ್ಷವೋ ಐದನೆಯದೋ ಇರಬೇಕು, ಆಂಟಿಯ ಆ ಮೈದುನನ ಫೋನು ಬಂತು. ಹೊರದೇಶದಲ್ಲಿರುವ ಅರ್ಮೇನಿಯನ್ನರು ಕೈಜೋಡಿಸಿ ಊರನ್ನು ಕಟ್ಟುತ್ತಿದ್ದಾರೆ, ಹಳೆಯ ಜಾಗದ ಮೇಲಿನ ದಿಣ್ಣೆಯಲ್ಲಿ, ಗುಲಾಬಿ ಬಣ್ಣದ ಕಲ್ಲಿನ ಮನೆಗಳು, ನಮ್ಮದು ಮುಗಿಯುತ್ತಾ ಬಂತು, ಹಸುವನ್ನೂ ತಂದಿದ್ದೇವೆ. ಆಂಟಿ ಫೋನಿಟ್ಟು ಕಡಲೆಕಾಳಿನ ಡಬ್ಬಿ ತೆಗೆದರು. ಮೈದುನ ಹೇಳಿದ ಪ್ರಕಾರ ಜೋಡಿಸಿದರು: ನೇರ ಸಾಲು, ಮತ್ತೊಂದು ನೇರ ಸಾಲು, ನಡುವೆ ಅಗಲ ರಸ್ತೆ. ಥೇಟ್ ಟೂಂಗಾಬಿ. ಸ್ವಲ್ಪ ಹೊತ್ತು ನೋಡಿ ಸಿಟ್ಟಿನಿಂದ, "ಇದು ಊರಾ? ಮಿಲಿಟರಿ ಪೆರೇಡು!" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ ಪ್ರತಿಯೊಂದು ಕಾಳನ್ನೂ ಮುಟ್ಟುತ್ತ, ಇದರಲ್ಲಿ ಯಾರಿರುತ್ತಾರೆ, ಇದರ ಪಕ್ಕ ಯಾರು, ಬೇಲಿಯ ಮೇಲಿಂದ ಬಟ್ಟಲು ದಾಟಿಸಬಹುದಾ ಎಂದು ತಮ್ಮಷ್ಟಕ್ಕೇ ಕೇಳಿಕೊಳ್ಳತೊಡಗಿದರು.

ಅವರ ಕಡೆ ಹೊಸ ಮನೆಗೆ ಹೊಕ್ಕ ದಿನ ಹಳೆಯ ಮನೆಯ ಹೆಪ್ಪಿನಿಂದಲೇ ಮೊದಲ ಮಾತ್ಸುನ್ ಮಾಡಬೇಕು. ಅದಾಗುವ ತನಕ ಮನೆ ಮನೆಯಲ್ಲ. ಮೈದುನನ ಹೆಂಡತಿಯ ಹತ್ತಿರ ಇದ್ದದ್ದು ಪೇಟೆಯ ಮೊಸರು. ಇಡೀ ಲೋಕದಲ್ಲಿ ಅತ್ತೆಯ ಹೆಪ್ಪು ಉಳಿದಿದ್ದದ್ದು ಟೂಂಗಾಬಿಯಲ್ಲಿ. "ನಾನು ಒಯ್ಯಬೇಕು ಶಾರದಾ ಜಾನ್. ಒಯ್ಯದಿದ್ದರೆ ಅವರು ಕಟ್ಟಿದ್ದು ಬರೀ ಕಲ್ಲು," ಎಂದರು ಆಂಟಿ. ಅಮ್ಮನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. "ನಮ್ಮಲ್ಲಿ ಗೃಹಪ್ರವೇಶಕ್ಕೆ ಹಾಲು ಉಕ್ಕಿಸ್ತೀವಿ ಸಿರಕ್ಕ. ಹಾಲು ಉಕ್ಕಲಿಲ್ಲ ಅಂದ್ರೆ ನಾನಂತೂ ಒಳಗೆ ಮಲಗಲ್ಲ," ಎಂದಳು. ಇಬ್ಬರೂ ಸೇರಿ ಬಟ್ಟೆ ಆರಿಸಿದರು. ಆಂಟಿಯ ಮದುವೆಯ ಕಾಲದ ಒಂದು ಬಿಳಿ ಹತ್ತಿಬಟ್ಟೆ, ಮೂಲೆಯಲ್ಲಿ ಕೆಂಪು ದಾರದ ಕಸೂತಿ.

ತಮ್ಮನನ್ನು ನೋಡಿಕೊಂಡು ಮೆಲ್ಬರ್ನಿನಿಂದ ವಿಮಾನ. ಆಂಟಿಯ ತಮ್ಮನ ಮಗ ಆರ್ತುರ್ ಬಂದು ಕಾರಿನಲ್ಲಿ ಕರೆದೊಯ್ಯುವುದೆಂದು ಆಯಿತು. ಹೊರಡುವ ದಿನ ಆಂಟಿ ಫ್ರಿಜ್ಜು ಖಾಲಿ ಮಾಡಿದರು, ಉಳಿದ ಮೊಸರನ್ನು ಏಪ್ರಿಕಾಟ್ ಮರದ ಬುಡಕ್ಕೆ ಸುರಿದರು. ಹೆಪ್ಪಿನ ಬಟ್ಟೆ ಹಿತ್ತಲ ತಂತಿಯ ನೆರಳಿನ ಬದಿಯಲ್ಲಿ ಒಣಗುತ್ತಿತ್ತು. ಅವರು ಪೆಟ್ಟಿಗೆ ಕಟ್ಟುವ ಸಾಮಾನಿಗೆಂದು ಅಂಗಡಿಗೆ ಹೋದರು. ಇತ್ತ ಅಮ್ಮ, ಪಾಪ, ಸಿರಕ್ಕನಿಗೆ ಕೊನೆಯ ಗಳಿಗೆಯಲ್ಲಿ ಸಹಾಯವಾಗಲಿ ಎಂದು ತಂತಿಯ ಮೇಲಿದ್ದ ಆಂಟಿಯ ಬಟ್ಟೆಗಳನ್ನೆಲ್ಲ ಬಾಚಿ ತಂದಳು. ದಿಂಬಿನ ಗವುಸು, ಟವೆಲು, ಲಂಗ. ರಾಶಿಯೊಳಗೆಲ್ಲೋ ಹುಳಿ ವಾಸನೆ. ತಂತಿಯ ಮೇಲೆ ಹಕ್ಕಿಗಿಕ್ಕಿ ಗಲೀಜು ಮಾಡಿರಬೇಕೆಂದುಕೊಂಡು, ಇಡೀ ರಾಶಿಯನ್ನು ಮೆಷಿನ್ನಿಗೆ ತುಂಬಿ ಬಿಸಿನೀರಿಗೆ ತಿರುಗಿಸಿದಳು. ಒಣಗಿದ ಮೇಲೆ ಇಸ್ತ್ರಿಯನ್ನೂ ಮಾಡಿದಳು. ಕಸೂತಿಯ ಬಟ್ಟೆ ಕೈಗೆ ಸಿಕ್ಕಾಗಲೂ, ಸಿರಕ್ಕ ಅದನ್ನು ಇನ್ನೂ ಮೊಸರಿನಲ್ಲಿ ಅದ್ದಿಲ್ಲ, ಅದ್ದುವ ಮುಂಚೆ ಒಗೆದು ಹಾಕಿದ್ದಾರೆ ಎಂದುಕೊಂಡಳು. ನಮ್ಮಮ್ಮನ ಪ್ರೀತಿ ಯಾವತ್ತೂ ಇಸ್ತ್ರಿಯ ತನಕ ಹೋಗುತ್ತಿತ್ತು.

ಸಂಜೆ ಅಮ್ಮ ದೇವರಿಗೆ ದೀಪ ಹಚ್ಚಿ ಮುಗಿಸಿದ್ದಳು. ಆಂಟಿ ಹಿಂಬಾಗಿಲಿಗೆ ಬಂದು, "ನನ್ನ ಬಟ್ಟೆ?" ಎಂದರು. ಅಮ್ಮ ಹೆಮ್ಮೆಯಿಂದ ಮಡಚಿದ ರಾಶಿಯನ್ನು ತಂದುಕೊಟ್ಟಳು. ಕಸೂತಿಯ ಬಟ್ಟೆ ಎಲ್ಲಕ್ಕಿಂತ ಮೇಲೆ, ಹಾಲಿನಷ್ಟು ಬೆಳ್ಳಗೆ. ಆಂಟಿ ಅದನ್ನು ಮೂಗಿಗೆ ಹಿಡಿದರು. ಸೋಪಿನ ಪುಡಿಯ ಹೂವಿನ ವಾಸನೆ. ಅವರು ಮೆಟ್ಟಿಲ ಮೇಲೆ ಕುಸಿದು ಕೂತರು.

"ಶಾರದಾ ಜಾನ್, ಇದರಲ್ಲಿ ಮಾತ್ಸುನ್ ಇತ್ತು."

ಅಮ್ಮನ ಕೈ ಬಾಯಿಗೆ ಹೋಯಿತು. "ಅಯ್ಯಯ್ಯೋ" ಎಂದಳು. ನಾನೇ ನಡುವೆ ಬಾಯಿ ಹಾಕಿದೆ. "ಅಮ್ಮ, ನಮ್ಮ ಫ್ರಿಜ್ಜಲ್ಲಿ ಮೊಸರು ಇದೆಯಲ್ಲ, ಅದೂ ಆಂಟೀದೇ ತಾನೇ? ಕೊಡಮ್ಮ!" ಅಮ್ಮ ದೀಪದ ಕಡೆ ನೋಡಿದಳು. ಆಂಟಿ ಆಕಾಶದ ಕಡೆ ನೋಡಿದರು. ಇಬ್ಬರೂ ಅಲ್ಲಾಡಲಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ. ಫ್ರಿಜ್ಜು ಅಷ್ಟು ಹತ್ತಿರದಲ್ಲಿದೆ, ಇವರಿಗೇನಾಗಿದೆ! ಹೊರಗೆ ಆರ್ತುರ್ ಹಾರ್ನ್ ಹೊಡೆದ. ಆಂಟಿ ಎದ್ದು ಅಮ್ಮನ ಹಣೆಗೆ ಮುತ್ತಿಟ್ಟು, ನನ್ನ ಕೆನ್ನೆ ಹಿಂಡಿ, ಸೋಪಿನ ವಾಸನೆಯ ಆ ಬಟ್ಟೆಯನ್ನೇ ಹಿಡಿದು ಹೊರಟುಹೋದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಮ್ಮ ಗೋಡೆಗೆ ಒರಗಿ ಅತ್ತಳು. "ದೀಪ ಹಚ್ಚಿದ್ಮೇಲೆ ಹೆಪ್ಪು ಹೊರಗೆ ಕೊಡಬಾರದು ಕಣೇ. ಮನೆ ಲಕ್ಷ್ಮಿ ಹೋಗ್ತಾಳೆ ಅಂತಾರೆ. ನಮ್ಮಮ್ಮ ಕೊಟ್ಟಿಲ್ಲ, ನಮ್ಮಜ್ಜಿ ಕೊಟ್ಟಿಲ್ಲ. ನಾನು ಹ್ಯಾಗೆ ಕೊಡಲಿ? ಆ ಮಹಾತಾಯಿ ಬಾಯಿಬಿಟ್ಟು ಕೇಳಿದ್ರೆ ಕೊಟ್ಟೇಬಿಡ್ತಿದ್ದೆ. ಅವರು ಕೇಳಲೂ ಇಲ್ವಲ್ಲೇ!"

ಬೆಳಿಗ್ಗೆ ಆಂಟಿ ಮೆಲ್ಬರ್ನ್ ತಲುಪಿದ್ದೇನೆಂದು ಫೋನ್ ಮಾಡಿದರು. ಅಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು, ಯಾಕೆ ಸಿರಕ್ಕ, ನನ್ನ ಹತ್ತಿರ ಇದೆ ಅಂತ ಗೊತ್ತಿದ್ದೂ ಯಾಕೆ ಕೇಳಲಿಲ್ಲ? ಆಂಟಿ ಹೇಳಿದರಂತೆ: "ಸೂರ್ಯ ಮುಳುಗಿದ್ದ. ಮುಳುಗಿದ ಮೇಲೆ ಯಾರ ಮನೆಯಲ್ಲೂ ಹೆಪ್ಪು ಕೇಳಬಾರದು. ಕೇಳಿದರೆ ನಿನ್ನ ಮನೆಗೆ ಒಳ್ಳೆಯದಲ್ಲ." ಅಮ್ಮ ಫೋನಿನಲ್ಲೇ ಕಿರುಚಿಕೊಂಡಳು. "ಅಯ್ಯೋ ಸಿರಕ್ಕ, ನಾನೂ ಅದಕ್ಕೇ ಕೊಡಲಿಲ್ಲ!" ಆ ಕಡೆಯಿಂದ ಅಳುವೋ ನಗುವೋ ಗೊತ್ತಾಗದ ಸದ್ದು ಕೇಳಿಸಿತು. ಅಪ್ಪ ಕಾಫಿ ಲೋಟ ಹಿಡಿದು ನಿಂತವನು, "ಎಲ್ಲಿಯ ಅರ್ಮೇನಿಯಾ, ಎಲ್ಲಿಯ ತಿಪಟೂರು! ಇಬ್ಬರನ್ನೂ ಒಂದೇ ಅಜ್ಜಿ ಸಾಕಿದಾಳೆ" ಎಂದು ತಲೆ ಚಚ್ಚಿಕೊಂಡ.

ವಿಮಾನ ಇದ್ದದ್ದು ಮರುದಿನ ಬೆಳಿಗ್ಗೆ. ಪೋಸ್ಟ್ ಮಾಡಿದರೆ ತಲುಪುವುದಿಲ್ಲ. ಆಂಟಿಯ ತಮ್ಮನ ಮನೆಯಲ್ಲಿ ತಿನ್ನುವುದು ಅಂಗಡಿ ಮೊಸರು. ಅಮ್ಮ ಫೋನಿಟ್ಟವಳೇ ಬೀರುವಿನಿಂದ ತನ್ನ ಹೊಸ ಬಿಳಿ ಪಂಚೆ ತೆಗೆದು ಅದರ ಅಂಚು ಹರಿದಳು. ಪಂಚೆ ಅಪ್ಪನದು, ಹಬ್ಬಕ್ಕೆಂದು ಇಟ್ಟದ್ದು, "ತನ್ನ" ಅಂದದ್ದು ಅಮ್ಮನ ಲೆಕ್ಕದಲ್ಲಿ. ಅದನ್ನು ಮೊಸರಿನಲ್ಲಿ ಅದ್ದಿ ಹಿಂಡಿ, "ರೀ, ಕಾರು ತೆಗೀರಿ" ಎಂದಳು.

"ಎಲ್ಲಿಗೆ?"

"ಮೆಲ್ಬರ್ನಿಗೆ."

"ಇವತ್ತು ನಂಗೆ ಶಿಫ್ಟ್ ಇದೆ ಕಣೇ!"

"ಫೋನ್ ಮಾಡಿ ರಜ ಹೇಳ್ರಿ. ಒಂದಿನ ಜನ ಮೆಟ್ಟಿಲು ಹತ್ತಲಿ. ಕೈಕಾಲಿಗೆ ಒಳ್ಳೇದು."

ಅಪ್ಪ ಪಂಚೆಯನ್ನೂ ನೋಡಿದ, ಅಮ್ಮನ ಮುಖವನ್ನೂ ನೋಡಿದ. ಕೀ ತೆಗೆದುಕೊಂಡ. ಆ ದಾರಿ ಎಷ್ಟು ಉದ್ದವೆಂದು ಹೋದವರಿಗೇ ಗೊತ್ತು. ಸಿಡ್ನಿಯಲ್ಲಿ ತಿಂಡಿ ತಿಂದು ಹೊರಟರೆ ಮೆಲ್ಬರ್ನಿನಲ್ಲಿ ಕತ್ತಲೆಯೇ. ಅಮ್ಮ ಹಿಂದಿನ ಸೀಟಿನ ಎರಡು ಕಿಟಕಿಗಳ ನಡುವೆ ದಾರ ಕಟ್ಟಿ ಬಟ್ಟೆಯನ್ನು ಇಳಿಬಿಟ್ಟಳು. ಅದರ ಪಕ್ಕದಲ್ಲಿ ನಾನು. ಬಿಸಿಲು ಬಿದ್ದರೆ ಆ ಕಡೆ ತಿರುಗಿಸುವುದು, ಗಾಳಿ ಜಾಸ್ತಿಯಾದರೆ ಗಾಜು ಏರಿಸುವುದು ನನ್ನ ಕೆಲಸ. ಗೌಲ್‌ಬರ್ನ್ ದಾಟುವಷ್ಟರಲ್ಲಿ ಕಾರೆಲ್ಲ ಹುಳಿಹುಳಿ ನಾತ. ನಾನು ಮೂಗು ಹಿಡಿದು ರಾಗ ಎಳೆದೆ. ಅಮ್ಮ ಹಿಂತಿರುಗಿ ನೋಡಲೇ ಇಲ್ಲ. ಅವಳದ್ದು ಬೇರೆಯೇ ಚಿಂತೆ. "ರೀ, ಅವರ ಹೆಪ್ಪೇನೋ ಸರಿ. ಆದ್ರೆ ಇಷ್ಟು ವರ್ಷ ನಮ್ಮನೇಲಿ ಇತ್ತಲ್ಲ. ಚಳಿಗಾಲದಲ್ಲಿ ಬೇಗ ಹೆಪ್ಪಾಗಲಿ ಅಂತ ತೊಟ್ಟಿನ ಒಣಮೆಣಸಿನಕಾಯಿ ಬೇರೆ ಹಾಕಿದೀನಿ. ಇದು ಇನ್ನೂ ಅವರದೇನಾ? ಅವರ ಅತ್ತೇದು ಅಂತ ಅಷ್ಟು ದೂರ ಹೊತ್ಕೊಂಡು ಹೋಗಿ, ಕೊನೆಗೆ ಶಾರದಂದು ಆಗಿಬಿಟ್ಟಿದ್ರೆ?" ನಿಜ, ಆಂಟಿ ನಮ್ಮನೆಯ ಹಾಲಿನ ಪಾತ್ರೆಯಲ್ಲಿ ಕೆಂಪು ಮೆಣಸಿನಕಾಯಿ ತೇಲುವುದನ್ನು ಕಂಡು ಎದೆ ಮುಟ್ಟಿಕೊಂಡು ಬೈದಿದ್ದರು, ಮಾತ್ಸುನ್ ಏನು ಸಾಂಬಾರಾ ಎಂದು. ಆಲ್ಬರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಅಮ್ಮ ಬಟ್ಟೆಯನ್ನು ಮುಟ್ಟಿ ನೋಡಿದಳು. ಅಂಚು ಗರಿಗರಿಯಾಗಿತ್ತು, ನಡುವೆ ಇನ್ನೂ ಹಸಿ.

ನಾವು ಆಂಟಿಯ ತಮ್ಮನ ಮನೆ ಮುಟ್ಟುವಾಗ ಸೂರ್ಯ ಮುಳುಗಲು ಹವಣಿಸುತ್ತಿದ್ದ. ಅಮ್ಮ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು ಓಡಿದಳು. ಎದುರಿನಿಂದ ಆಂಟಿಯೂ ಓಡಿಬಂದರು. ಇಬ್ಬರೂ ಒಮ್ಮೆ ಪಡುವಣದ ಕಡೆ ನೋಡಿದರು. ಮನೆಗಳ ಸಾಲಿನ ಮೇಲೆ ಇನ್ನೂ ಒಂದು ಕೆಂಪು ಚೂರು ಇತ್ತು. "ಇದೆ, ಇದೆ, ತಗೋಳಿ!" ಎಂದು ಅಮ್ಮ ಬಟ್ಟೆಯನ್ನು ಅವರ ಕೈಗೆ ತುರುಕಿದಳು. ಆಂಟಿ ಮೂಸಿದರು. ಒಂದು ಮೂಲೆಯನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ ಚೀಪಿದರು. ಅಮ್ಮ ಉಸಿರು ಹಿಡಿದು ನಿಂತಿದ್ದಳು, ಪರೀಕ್ಷೆಯ ರಿಸಲ್ಟಿಗೆ ನಿಂತವಳ ಹಾಗೆ. ಆಂಟಿಯ ಕಣ್ಣಿಂದ ನೀರು ಇಳಿಯಿತು.

"ನಮ್ಮ ಅತ್ತೆ," ಎಂದರು. ಮತ್ತೆ ಚೀಪಿ, "ಸ್ವಲ್ಪ ಖಾರ ಇದ್ದಾಳೆ."

ಅಮ್ಮ ಅಳುತ್ತಳುತ್ತಲೇ ಮೆಣಸಿನಕಾಯಿಯ ವಿಷಯ ಹೇಳಿ, ತಪ್ಪಾಯಿತಾ ಎಂದು ಕೇಳಿದಳು. ಆಂಟಿ ಅವಳನ್ನು ಬಾಚಿ ತಬ್ಬಿಕೊಂಡರು. "ಅವತ್ತೂ ಪಕ್ಕದ ಮನೆಯವಳೇ ತಂದುಕೊಟ್ಟಿದ್ದು, ಶಾರದಾ ಜಾನ್. ಇವತ್ತೂ ಅಷ್ಟೇ."

ಚಳಿಗಾಲಕ್ಕೆ ಮುಂಚೆ ವಾಪಸು ಬರುತ್ತೇನೆಂದು ಹೋದವರು ಬರಲಿಲ್ಲ. ಹೋದ ಹೊಸತರಲ್ಲಿ ಒಮ್ಮೆ ಫೋನ್ ಬಂದಿತ್ತು. ಮೊದಲ ದಿನ ಹಾಲು ಹಾಗೆಯೇ ಉಳಿಯಿತಂತೆ; ಹೊಸ ಕಲ್ಲಿನ ಮನೆ, ವಿಪರೀತ ಥಂಡಿ. ಊರ ಹೆಂಗಸರೆಲ್ಲ ಬಂದು ಪಾತ್ರೆಯನ್ನು ನೋಡಿ ತಲೆ ಅಲ್ಲಾಡಿಸಿ ಹೋದರಂತೆ. ಎರಡನೆಯ ದಿನ ಗಟ್ಟಿ ಮೊಸರು. ಹೇಗೆ ಎಂದು ಅಮ್ಮ ಕೇಳಿದರೆ ಆಂಟಿ ಹೇಳಲಿಲ್ಲ, ಬರೀ ನಕ್ಕರು. ಸಾಲು ಮನೆಗಳ ಊರು ಮೊದಮೊದಲು ಹಿಡಿಸಲಿಲ್ಲವಂತೆ. ಬೇಲಿ ಬಹಳ ಎತ್ತರ, ಅದಕ್ಕೇ ಪಕ್ಕದವಳ ಜೊತೆ ಸೇರಿ ಎರಡು ಹಲಗೆ ಕಿತ್ತುಹಾಕಿದೆವು ಎಂದರು. ಒಂದು ಫೋಟೋ ಬಂತು: ಗುಲಾಬಿ ಕಲ್ಲಿನ ಗೋಡೆ, ಕಿಟಕಿಯ ಕಟ್ಟೆಯ ಮೇಲೆ ಕಂಬಳಿ ಸುತ್ತಿದ ಪಾತ್ರೆ, ಪಕ್ಕದಲ್ಲಿ ಆಂಟಿ. ಕೆಲವು ವರ್ಷಗಳ ನಂತರ ಆರ್ತುರ್ ಫೋನ್ ಮಾಡಿ ಅವರು ನಿದ್ದೆಯಲ್ಲೇ ಹೋದರೆಂದು ಹೇಳಿದ. ಅಮ್ಮ ಆ ದಿನ ಮೊಸರು ಮುಟ್ಟಲಿಲ್ಲ.

ಟೂಂಗಾಬಿಯ ಮನೆಯನ್ನು ಆಂಟಿಯ ತಮ್ಮ ಮಾರಿದರು. ಕೊಂಡವರು ಎರಡೂ ಮನೆ ಕೆಡವಿ, ಏಪ್ರಿಕಾಟ್ ಮರ ಕಡಿದು, ಜೋಡಿ ಮನೆ ಎ‌ಬ್ಬಿಸಿದರು. ಅಷ್ಟರಲ್ಲಿ ನಾವು ಮಾರ್ಟ್‌ಗೇಜ್ ಹೊತ್ತು ಸಿಡ್ನಿಯ ಇನ್ನೊಂದು ಬಡಾವಣೆ ಸ್ಕೋಫೀಲ್ಡ್ಸ್‌ಗೆ ಹೋಗಿದ್ದೆವು, ಸ್ಟೀಲಿನ ಡಬ್ಬಿಯಲ್ಲಿ ಹೆಪ್ಪು ಹಿಡಿದುಕೊಂಡು. ನಾನು ಮದುವೆಯಾಗಿ ಮೆಲ್ಬರ್ನಿಗೆ ಬಂದೆ. ಮುಂದಿನ ಸಲ ಬಂದಾಗ ಹೆಪ್ಪು ಒಯ್ಯೇ ಎಂದು ಅಮ್ಮ ಪ್ರತಿ ಸಲ ಹೇಳುತ್ತಿದ್ದಳು, ನಾವು ಹೊರಡುವುದು ಪ್ರತಿ ಸಲವೂ ದೀಪ ಹಚ್ಚಿದ ಮೇಲೆಯೇ. ಆಮೇಲೆ ಅಮ್ಮನಿಗೆ ಕಾಯಿಲೆ, ಆಸ್ಪತ್ರೆ. ಎಲ್ಲ ಮುಗಿದು ಮನೆಗೆ ಬಂದು ಫ್ರಿಜ್ಜು ತೆಗೆದರೆ ಡಬ್ಬಿಯೊಳಗೆ ಹಸಿರು ಬೂಷ್ಟು. ಅಪ್ಪ ಅದನ್ನು ಸಿಂಕಿನ ಮುಂದೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಅಮ್ಮ ಹೋದದ್ದು ನನಗೆ ಸರಿಯಾಗಿ ಗೊತ್ತಾದದ್ದು ಆಗ. ಅಂದಿನಿಂದ ನಾನೂ ಅಂಗಡಿ ಮೊಸರಿನವಳೇ.

ನಿನ್ನೆ ಕಾರು ತೊಳೆದ ಮೇಲೆ, ಸಂಜೆ, ಎಷ್ಟೋ ವರ್ಷಗಳ ಮೇಲೆ ಆರ್ತುರ್‌ಗೆ ಫೋನ್ ಮಾಡಿದೆ. ಅವನೀಗ ವರ್ಷದಲ್ಲಿ ಕೆಲವು ತಿಂಗಳು ಆಂಟಿಯ ಊರಿನಲ್ಲೇ ಇರುತ್ತಾನಂತೆ, ಈಗಲೂ ಅಲ್ಲೇ ಇದ್ದ. ವಿಡಿಯೋ ಹಾಕಿದ. ಅಲ್ಲಿ ಮಧ್ಯಾಹ್ನ, ಹಿಮ, ನೇರ ಸಾಲಿನ ಮನೆಗಳು. ಬೇಲಿಗಳಲ್ಲಿ ಒಂದೊಂದು ಕಡೆ ಹಲಗೆ ಇಲ್ಲ! ನಾನು ಕೂಗಿಕೊಂಡೆ, ಅವನಿಗೆ ಅರ್ಥವಾಗಲಿಲ್ಲ. ಆಂಟಿಯ ಮೈದುನನ ಮೊಮ್ಮಗನ ಹೆಂಡತಿ, ಅನಿ ಎಂದು ಹೆಸರು, ಇಪ್ಪತ್ತರ ಹುಡುಗಿ, ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ತಿರುವಿದಳು. ಆಮೇಲೆ ಗೋಡೆಗೆ ತೂಗುಹಾಕಿದ್ದ ಸರದಿಂದ ಒಂದು ಕೆಂಪು ಒಣಮೆಣಸಿನಕಾಯಿ ಕಿತ್ತು, ತೊಟ್ಟಿನ ಸಮೇತ ಹಾಲಿಗೆ ಬಿಟ್ಟಳು. ಕಂಬಳಿ ಹೊದಿಸಿದಳು.

ಅದೇಕೆ ಹಾಕಿದಳು ಕೇಳು, ಎಂದೆ. ಆರ್ತುರ್ ಕೇಳಿದ. ಅನಿ ಇದೇನು ಪ್ರಶ್ನೆ ಎನ್ನುವ ಹಾಗೆ ಭುಜ ಕುಣಿಸಿದಳು. ಆರ್ತುರ್ ಹೇಳಿದ: "ನಮ್ಮ ಊರಿನಲ್ಲಿ ಎಲ್ಲರೂ ಹೀಗೇ ಮಾಡುವುದಂತೆ. ಬೇರೆ ಊರವರಿಗೆ ಗೊತ್ತಿಲ್ಲವಂತೆ. ಹಳೇ ಊರಿನ ಕಾಲದಿಂದ, ಎತ್ತಿನ ಗಾಡಿಯಲ್ಲಿ ಬಂದ ಅಜ್ಜಿಯಿಂದ ಬಂದದ್ದಂತೆ."

ಅಲ್ಲ, ಅದು ತಿಪಟೂರಿನ ಶಾರದಮ್ಮನಿಂದ ಬಂದದ್ದು ಎನ್ನಲು ಬಾಯಿ ತೆರೆದೆ. ಅಮ್ಮ ಅವರ ಅಜ್ಜಿಯರ ಸಾಲಿನಲ್ಲಿ ಹೋಗಿ ಕೂತಿದ್ದಾಳೆ, ಕೂತಿರಲಿ ಬಿಡು ಎನ್ನಿಸಿತು. ಆ ಹೆಪ್ಪು ನನಗೂ ಒಂದು ಬಟ್ಟೆಯಷ್ಟು ಬೇಕು, ಬರುವಾಗ ತಾ ಎನ್ನಬೇಕೆಂದುಕೊಂಡೆ. ಮಾತು ನಾಲಿಗೆಯ ತುದಿಯಲ್ಲಿತ್ತು. ಕಿಟಕಿಯ ಆಚೆ ನೋಡಿದೆ, ಕತ್ತಲು ಇಳಿಯುತ್ತಿತ್ತು. ಒಳಗೆ ನಾನು ಆಗಲೇ ದೀಪ ಹಚ್ಚಿದ್ದೆ. ನಾಳೆ ಫೋನ್ ಮಾಡುತ್ತೇನೆ ಎಂದು ಇಟ್ಟೆ. ಪಕ್ಕದಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಮಗಳು, "ವೈ ಡಿಡಂಟ್ ಯೂ ಜಸ್ಟ್ ಆಸ್ಕ್?" ಎಂದಳು.

"ಈಗ ಕೇಳಬಾರದು ಕಣೇ," ಎಂದೆ.

ನನಗೆ ಬೆಳಗಾದಾಗ ಅವರಿಗೆ ನಡುರಾತ್ರಿ, ಅದೂ ಆಗುವುದಿಲ್ಲ. ಎರಡೂ ಊರಿನಲ್ಲಿ ಸೂರ್ಯ ಇರುವ ಹೊತ್ತು ಯಾವುದೆಂದು ನಾನೂ ಮಗಳೂ ಕೂತು ಹುಡುಕಿದೆವು. ಅವಳನ್ನು ಸ್ಕೂಲಿನಿಂದ ಕರೆದುಕೊಂಡು ಬರುವ ಹೊತ್ತಿಗೆ ಅಲ್ಲಿ ಆಗತಾನೇ ಬೆಳಗಾಗಿರುತ್ತದೆ. ಆಗ ಕೇಳುತ್ತೇನೆ.